ಕೈಕೊಟ್ಟವರಿಗೆ ಕಮಿಷನ್

ಮದುವೆ ರಿಸೆಪ್ಷನ್ನಿಗೆ ಹೋದರೆ ಸ್ಪೀಕರ್ ಪಕ್ಕದ ಕುರ್ಚಿಯೇ ನನಗೆ ಗಂಟು ಬೀಳುತ್ತದೆ. ಮೊನ್ನೆಯೂ ಹಾಗೇ ಆಯಿತು. ವೇದಿಕೆಯ ಮೇಲೆ ಗಂಡು ಹೆಣ್ಣು ಫೋಟೋಗೆ ನಗುತ್ತಾ ನಿಂತಿದ್ದಾರೆ. ಅವರಿಗೆ ಹತ್ತಡಿ ದೂರದಲ್ಲಿ ಆರ್ಕೆಸ್ಟ್ರಾದ ಹುಡುಗ ಕಣ್ಣು ಮುಚ್ಚಿಕೊಂಡು, ಬಿಟ್ಟು ಹೋದ ಹುಡುಗಿಯ ಮೇಲೆ ಹಾಡು ಹೇಳುತ್ತಿದ್ದಾನೆ. ಊಟದ ಕ್ಯೂ ಕರಗುವ ಲಕ್ಷಣವಿಲ್ಲ. ತಾಳಿ ಕಟ್ಟುವ ಮುಂಚೆಯೇ ವಿರಹ ಯಾಕಪ್ಪಾ? "ಇದಕ್ಕೆ ದುಡ್ಡು ಬೇರೆ ಕೊಡ್ತಾರೆ" ಎಂದು ಗೊಣಗಿದೆ. ಪಕ್ಕದಲ್ಲಿ ಮೊಬೈಲ್ ನೋಡುತ್ತಿದ್ದ ಅಕ್ಕನ ಮಗಳು ತಲೆ ಎತ್ತದೇ, "ಬಿಟ್ಟು ಹೋದವಳಿಗೂ ಕೊಡ್ಬೇಕು ಮಾಮ. ಅವಳು ಹೋಗದಿದ್ರೆ ಹಾಡೆಲ್ಲಿತ್ತು?" ಎಂದಳು.

ತಮಾಷೆ ಅಂದುಕೊಂಡೆ. ಆದರೆ ಇದನ್ನು ನಿಜಕ್ಕೂ ಕೇಳಿದ ಪುಣ್ಯಾತ್ಮ ಒಬ್ಬನಿದ್ದಾನೆ. ಇಂಗ್ಲೆಂಡಿನ ಗಾಯಕಿ ಅಡೆಲ್‌ಳ ಮೊದಲ ಆಲ್ಬಂ '19' ಬಂದದ್ದು 2008ರಲ್ಲಿ. ಅದರ ಹಾಡುಗಳಿಗೆ ಕಾರಣನಾದ ಹಳೆಯ ಹುಡುಗ ಆಮೇಲೆ ಫೋನ್ ಮಾಡಿ, ಗಳಿಕೆಯಲ್ಲಿ ನನ್ನ ಪಾಲೆಲ್ಲಿ ಎಂದನಂತೆ. ಸುಮ್ನೆ ಒಂದು ಮಾತಿಗೆ ಕೇಳಿದ್ದಲ್ಲ, ಸುಮಾರು ಒಂದು ವಾರ ಪಟ್ಟು ಹಿಡಿದು ಕೇಳಿದನಂತೆ. ಇದು ಅಡೆಲ್ ತಾನೇ ಹೇಳಿಕೊಂಡ ಕಥೆ. ನರಕ ತೋರಿಸಿದ್ದು ನೀನು, ಅನುಭವಿಸಿದ್ದು ನಾನು, ಹಾಗಾಗಿ ದುಡ್ಡೂ ನನ್ನದೇ ಎಂಬ ಅರ್ಥದ ಉತ್ತರ ಕೊಟ್ಟು ಮುಗಿಸಿದಳು. ಪಾಪ, ಅವನು ಗಂಟು ಬಿದ್ದದ್ದು ಚಿಕ್ಕ ಗಂಟಿಗೆ. ಇನ್ನೊಬ್ಬನ ಜೊತೆ ಮುರಿದ ಮೇಲೆ 2011ರಲ್ಲಿ ಬಂದ '21' ಮೂರು ಕೋಟಿಗೂ ಜಾಸ್ತಿ ಮಾರಾಟವಾಯಿತು.

ಕಾನೂನಿನ ಮಾತು ಬೇಗ ಮುಗಿಸೋಣ. ಬದುಕಿಗೆ ಕಾಪಿರೈಟ್ ಇಲ್ಲ, ಬರೆದದ್ದಕ್ಕೆ ಮಾತ್ರ ಇದೆ. ನಮ್ಮಲ್ಲಿ 1957ರ ಕಾಯ್ದೆ ಇದ್ದರೂ ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಯಾರಿಗೋ ಬರೆದುಕೊಟ್ಟು ಕೈ ತೊಳೆದುಕೊಳ್ಳದ ಹಾಗೆ ಆದದ್ದು 2012ರ ತಿದ್ದುಪಡಿಯಲ್ಲಿ. ಬರೆದವರಿಗೇ ಇಷ್ಟು ತಡವಾದರೆ, ಬರೆಯುವ ಹಾಗೆ ಮಾಡಿದವರ ಸರದಿ ಯಾವ ಕಾಲಕ್ಕೆ? ಇನ್ನೊಂದು ವಿಷಯ. ಅದೇ ಕಾಯ್ದೆಯ 52ನೇ ಸೆಕ್ಷನ್ ಮದುವೆ ಸಂಭ್ರಮದಲ್ಲಿ ಹಾಡು ಹೇಳುವುದಕ್ಕೆ ವಿನಾಯಿತಿ ಕೊಟ್ಟಿದೆ. ಅಂದರೆ ಮೊನ್ನೆ ನನ್ನ ಕಿವಿ ಹರಿದ ಹಾಡಿಗೆ ರಾಯಲ್ಟಿ ಅಂತ ಯಾರಿಗೂ ಬಿಡಿಗಾಸು ಹೋಗಿಲ್ಲ. ನಷ್ಟ ನನ್ನೊಬ್ಬನದು.

ಆದರೆ ಒಬ್ಬಳಿಗೆ ಪಾಲು ಸಿಕ್ಕಿತ್ತು. ಅದೂ ಕೋರ್ಟಿನ ಮೂಲಕ, ಹಾಡು ಹುಟ್ಟುವ ಮುಂಚೆಯೇ. ಆ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಅಮೆರಿಕದಲ್ಲಿ ಮಾರ್ವಿನ್ ಗೇ ಎಂಬ ದೊಡ್ಡ ಗಾಯಕನಿದ್ದ. ಅವನ ಹೆಂಡತಿ ಆನ್ನಾ ಅವನಿಗಿಂತ 17 ವರ್ಷ ದೊಡ್ಡವಳು. ಅವಳ ತಮ್ಮ ಬೆರಿ ಗಾರ್ಡಿ, ಡೆಟ್ರಾಯಿಟ್‌ನಲ್ಲಿ ಮೋಟೌನ್ ರೆಕಾರ್ಡ್ ಕಂಪನಿ ಕಟ್ಟಿದವನು. ಮಾರ್ವಿನ್ ಹಾಡುತ್ತಿದ್ದದ್ದು ಆ ಕಂಪನಿಗೇ. ಭಾಮೈದನೇ ಧಣಿ. ಇಂಥ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದರೆ ರಾಜಿ ಪಂಚಾಯಿತಿಗೆ ಕೂರುವವರು ಯಾರು? ಜಗಳ ಕೋರ್ಟಿಗೇ ಹೋಯಿತು. ಮಾರ್ವಿನ್ ಲಕ್ಷಗಟ್ಟಲೆ ದುಡಿದಿದ್ದ, ಅಷ್ಟೇ ಚೆನ್ನಾಗಿ ಕಳೆದಿದ್ದ. ಜೀವನಾಂಶ ಕೊಡಲು ಕೈಯಲ್ಲಿ ಕಾಸಿಲ್ಲ. ಕೊನೆಗೆ ವಕೀಲರು ಒಂದು ದಾರಿ ಹುಡುಕಿದರು. ಮುಂದಿನ ಆಲ್ಬಮ್ಮಿನ ಮುಂಗಡದಲ್ಲಿ 3,05,000 ಡಾಲರ್, ಮಾರಾಟದ ಗಳಿಕೆಯಲ್ಲಿ 2,95,000 ಡಾಲರ್. ಒಟ್ಟು 6 ಲಕ್ಷ ಆನ್ನಾಗೆ.

ಹೇಗೂ ದುಡ್ಡು ಅವಳಿಗೆ ಹೋಗುತ್ತದೆ, ಏನೋ ಒಂದು ಗೀಚಿ ಬಿಸಾಕಿದರಾಯಿತು ಎಂದು ಮಾರ್ವಿನ್ ಮೊದಲು ಅಂದುಕೊಂಡ. ನಾವು ಯಾರಾದರೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ? ಆದರೆ ಸ್ಟುಡಿಯೋದಲ್ಲಿ ಕೂತವನಿಗೆ ಹುಚ್ಚು ಹಿಡಿಯಿತು. ಇಡೀ ಡಬಲ್ ಆಲ್ಬಂ ಆ ಮದುವೆಯದ್ದೇ. ಒಂದು ಹಾಡಿನಲ್ಲಿ ಅವಳ ಹೆಸರು ಹಿಡಿದು ಕರೆಯುತ್ತಾನೆ. ಇನ್ನೊಂದರಲ್ಲಿ ಕೋರ್ಟು, ಜಡ್ಜು, ಜೀವನಾಂಶ ಎಲ್ಲ ಬರುತ್ತದೆ. ಮತ್ತೊಂದರ ಹೆಸರೇ 'ಹೋಗಬಹುದು, ಆದರೆ ದುಬಾರಿ ಬೀಳುತ್ತದೆ' ಎನ್ನುವಂತಿದೆ. ಕವರಿನ ಒಳಗೆ ಮೊನಾಪಲಿ ಆಟದ ಹಲಗೆಯಂಥ ಚಿತ್ರ. ಅದರ ಮೇಲೆ ಗಂಡಿನ ಕೈಯೊಂದು ಹೆಣ್ಣಿನ ಕೈಗೆ ರೆಕಾರ್ಡ್ ದಾಟಿಸುತ್ತಿದೆ. ಆಲ್ಬಮ್ಮಿನ ಹೆಸರು 'ಹಿಯರ್, ಮೈ ಡಿಯರ್'. ತಗೊಳ್ಳಮ್ಮಾ, ನಿನ್ನ ಗಂಟು. 1978ರ ಡಿಸೆಂಬರಿನಲ್ಲಿ ಬಂತು. ನೆಲ ಕಚ್ಚಿತು. ಖಾಸಗಿ ಬದುಕನ್ನು ಬೀದಿಗೆ ತಂದ ಎಂದು ಆನ್ನಾ ಕೇಸು ಹಾಕುವ ಯೋಚನೆಯಲ್ಲಿದ್ದಳು. ಆಮೇಲೆ ಕೈಬಿಟ್ಟಳು. ವರ್ಷಗಳು ಕಳೆದ ಮೇಲೆ ವಿಮರ್ಶಕರು, ಅಯ್ಯೋ ಇದು ಮೇರುಕೃತಿ ಎಂದರು. ಅಷ್ಟರಲ್ಲಿ ಮಾರ್ವಿನ್ ಇರಲಿಲ್ಲ. 1984ರಲ್ಲಿ ಹೆತ್ತ ಅಪ್ಪನೇ ಅವನನ್ನು ಗುಂಡಿಟ್ಟು ಕೊಂದಿದ್ದ.

ಈ ಕಥೆಯಲ್ಲಿ ನನ್ನ ತಲೆ ಕೊರೆಯುವುದು ಆನ್ನಾಳ ಫಜೀತಿ. ರೆಕಾರ್ಡು ಓಡದಿದ್ದರೆ ಮುಂಗಡ ಬಿಟ್ಟು ಬೇರೆ ದುಡ್ಡಿಲ್ಲ. ಓಡಿದರೆ ಊರಿಗೆಲ್ಲ ತನ್ನ ಸಂಸಾರದ ರಂಪ ಕೇಳುತ್ತದೆ. ನನ್ನ ಮಾನ ಹರಾಜಾಗಲಿ, ಒಳ್ಳೆಯ ರೇಟಿಗೇ ಹರಾಜಾಗಲಿ ಎಂದು ಅವಳು ದೇವರಿಗೆ ಕೈ ಮುಗಿಯಬೇಕು. ಪಾಲು ಕೊಡಿ ಎನ್ನುವವರು ಇದನ್ನು ಯೋಚಿಸಿದ್ದಾರಾ? ಪಾಲು ತಗೊಂಡ ಮೇಲೆ ಬಾಯಿ ಬಿಡುವ ಹಾಗೂ ಇಲ್ಲ. ಹಾಡಿನಲ್ಲಿ ಯಾವತ್ತೂ ಹಾಡುವವರೇ ಸಾಚಾ. ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೆದದ್ದು, ಅವಳ ಅಮ್ಮನ ಫೋನ್ ಬಂದರೆ ಮುಖ ಸಿಂಡರಿಸಿದ್ದು, ಸಾಲ ತಗೊಂಡು ಮರೆತದ್ದು, ಇದ್ಯಾವುದಕ್ಕೂ ಪಲ್ಲವಿಯಲ್ಲಿ ಜಾಗವಿಲ್ಲ. ದುಡ್ಡಿನ ಬದಲು ಬಿಟ್ಟು ಹೋದವರಿಗೆ ಒಂದು ಚರಣ ಕೊಡಿ ಎನ್ನುತ್ತೇನೆ ನಾನು.

ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ತಂಡದಲ್ಲಿ ಹಾಗೇ ಆಯಿತು. 1977ರಲ್ಲಿ ಬಂದ 'ರೂಮರ್ಸ್' ಆಲ್ಬಂ ಮಾಡುವಾಗ ತಂಡದ ಗಿಟಾರಿಸ್ಟ್ ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಅವನ ಪ್ರೇಯಸಿ, ಗಾಯಕಿ ಸ್ಟೀವಿ ನಿಕ್ಸ್ ಬೇರೆಯಾಗಿದ್ದರು. ಅವನು ಅವಳನ್ನು ಬೈದು ಹಾಡು ಬರೆದ, ಅದಕ್ಕೆ ಅವಳೇ ದನಿಗೂಡಿಸಬೇಕಾಯಿತು. ಅವಳೂ ಸುಮ್ಮನಿರಲಿಲ್ಲ, ಅವನ ಮೇಲೆ ಬರೆದಳು, ಅದಕ್ಕೆ ಅವನು ಗಿಟಾರ್ ನುಡಿಸಿದ. ಆಲ್ಬಂ ಕೋಟಿಗಟ್ಟಲೆ ಮಾರಾಟವಾಯಿತು, ಬೈದವರೂ ಬೈಸಿಕೊಂಡವರೂ ಒಟ್ಟಿಗೆ ಎಣಿಸಿಕೊಂಡರು. ಅವಳ 'ಸಿಲ್ವರ್ ಸ್ಪ್ರಿಂಗ್ಸ್' ಎಂಬ ಹಾಡನ್ನು ಮಾತ್ರ ಉದ್ದವಾಯಿತೆಂದು ಆಲ್ಬಮ್ಮಿನಿಂದ ಕೈಬಿಟ್ಟರು. ಅದರ ಹಕ್ಕನ್ನು ಸ್ಟೀವಿ ತನ್ನ ಅಮ್ಮನಿಗೆ ಕೊಟ್ಟಿದ್ದಳು. 20 ವರ್ಷ ಬಿಟ್ಟು, 1997ರಲ್ಲಿ ಅದೇ ಹಾಡನ್ನು ವೇದಿಕೆಯ ಮೇಲೆ ಲಿಂಡ್ಸೆಯನ್ನೇ ದುರುಗುಟ್ಟಿ ನೋಡುತ್ತಾ ಹಾಡಿದಳು. ಆ ಕಾರ್ಯಕ್ರಮದ ಲೈವ್ ಆಲ್ಬಂ ಭರ್ಜರಿಯಾಗಿ ಓಡಿತು. ಅಮ್ಮನ ಕೈಗೆ ದುಡ್ಡು ಬಂತು.

ಇದೊಂದು ನ್ಯಾಯವಾದ ಪಾವತಿ ಅನಿಸುತ್ತದೆ ನನಗೆ. ಬಿಟ್ಟು ಹೋದವರು ಹೋದರು, ಹಾಡಿದವರು ಹಾಡಿದರು. ನಡುವೆ ರಾತ್ರಿಯೆಲ್ಲ ಕೂತು ಅಳು ಕೇಳಿಸಿಕೊಂಡವರಿಗೆ ಏನು ಸಿಕ್ಕಿತು? ಹಾಸ್ಟೆಲ್ಲಿನಲ್ಲಿ ನನ್ನ ರೂಮಿನವನೊಬ್ಬ ಒಂದಿಡೀ ಸೆಮಿಸ್ಟರ್ ಅತ್ತ. ನನ್ನ ಪರೀಕ್ಷೆ ಹಾಳು, ಮನೆಯಿಂದ ತಂದ ಚಟ್ನಿಪುಡಿ ಖಾಲಿ. ಎರಡು ಸಾಲು ಪದ್ಯ ಬರೆದನೇ? ಇಲ್ಲ. ಬ್ಯಾಂಕ್ ಪರೀಕ್ಷೆ ಬರೆದ. ಈಗ ಮ್ಯಾನೇಜರ್. ಈಚೆಗೆ ಸಿಕ್ಕಾಗ ಆ ಹುಡುಗಿಯ ಸುದ್ದಿ ತೆಗೆದರೆ, "ಯಾರೋ ಅದು?" ಎಂದ. ಅವನಿಗೆ ಹೆಸರೇ ಮರೆತಿದೆ. ನನಗೆ ಅವಳ ಇನಿಶಿಯಲ್, ಊರು, ಅವಳು ಬರುತ್ತಿದ್ದ ಬಸ್ಸಿನ ಟೈಮು ಎಲ್ಲ ಬಾಯಿಪಾಠ.