ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ, ಅಲ್ಲಿ ವಿಕ್ಕಾ ಇರಲೂ ಇಲ್ಲ

"ವಿಕ್ಕಾ ಯುರೋಪಿನ ಸಾವಿರಾರು ವರ್ಷ ಹಳೆಯ ಮಾಟಗಾತಿಯರ ಧರ್ಮ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಇದೇ ಧರ್ಮದ ಹೆಂಗಸರನ್ನು ಜೀವಂತ ಸುಟ್ಟರು" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಎರಡೂ ತಪ್ಪು.

ಸೇಲಂನಲ್ಲಿ ಮಾಟದ ಆರೋಪದ ಮೇಲೆ 19 ಜನರನ್ನು ನೇಣಿಗೆ ಹಾಕಿದರು. ಅವರಲ್ಲಿ 5 ಗಂಡಸರು. ಇನ್ನೊಬ್ಬ ಮುದುಕನ ಮೈಮೇಲೆ ಕಲ್ಲು ಹೇರಿ ಕೊಂದರು. ಸತ್ತವರು ಕ್ರೈಸ್ತರೇ. ನೇಣಿಗೇರಿದ ಜಾರ್ಜ್ ಬರೋಸ್ ಅಂತೂ ಹಿಂದೆ ಅದೇ ಊರಿನ ಪಾದ್ರಿ!

ವಿಕ್ಕಾ ಇಪ್ಪತ್ತನೇ ಶತಮಾನದ ಹೊಸ ಧರ್ಮ. ಅದನ್ನು ಜನರ ಮುಂದಿಟ್ಟದ್ದು ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್. ಅಲ್ಲಿನ ಮಾಟದ ಕಾಯ್ದೆ 1951ರಲ್ಲಿ ರದ್ದಾಯಿತು, 1954ರಲ್ಲಿ ಅವರ ಪುಸ್ತಕ ಬಂತು. ಇದು ಹಳೇ ಧರ್ಮ ಅಂತ ಅವರೇ ಹೇಳಿದ್ದರು, ಗೊಂದಲ ಜಾಸ್ತಿಯಾದದ್ದು ಅದರಿಂದಲೇ. ಇತಿಹಾಸಕಾರ ರೊನಾಲ್ಡ್ ಹಟನ್ ಹುಡುಕಿದರೂ ವಿಕ್ಕಾಕ್ಕೂ ಅಂಥ ಹಳೇ ಧರ್ಮಕ್ಕೂ ನಂಟಿದೆ ಎನ್ನಲು ಆಧಾರ ಸಿಗಲಿಲ್ಲ.

ಇಂಗ್ಲೆಂಡಿನ ಹಳ್ಳಿಗಳ ಹಳೇ ಮಾಟ-ಮಂತ್ರವೇ ಬೇರೆ. ಕಳುವಾದ ವಸ್ತು ಹುಡುಕುವುದು, ಯಾರೋ ಮಾಡಿಸಿದ ಮಾಟ ತೆಗೆಯುವುದು, ದನದ ಕಾಯಿಲೆಗೆ ಮದ್ದು, ಇಂಥ ಕೆಲಸಗಳು. ಮಂತ್ರಕ್ಕೆ ಬೈಬಲಿನ ಸಾಲುಗಳೂ ಬರುತ್ತಿದ್ದವು. "ಯಾರಿಗೂ ಕೇಡು ಮಾಡಬೇಡ" ಎಂಬ ನಿಯಮ ವಿಕ್ಕಾದ್ದು, ಈ ಹಳ್ಳಿ ಮಂತ್ರವಾದಿಗಳದ್ದಲ್ಲ. ಕಳ್ಳನಿಗೆ ಶಾಪ ಹಾಕುವುದೂ ಇವರ ಕಸುಬಿನಲ್ಲಿತ್ತು.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.