ಚೆಂಡಿಲ್ಲದ ಕಡೆ ನೋಡಿದರೆ ಕಾಣುವ ಕೋರಿ

ನೆಬ್ರಾಸ್ಕ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಹುಚ್ಚಿನ ಹಳಬರು ನಾಲ್ಕು ಜನ ಸೇರಿದ ಕಡೆ 1994ರ ತಂಡದ ಸುದ್ದಿ ತೆಗೆದು ನೋಡಿ. ಹೆಸರುಗಳು ಬರುವುದಕ್ಕೂ ಒಂದು ಮರ್ಯಾದೆಯ ಸಾಲಿದೆ. ಮೊದಲು ಕೋಚ್ ಟಾಮ್ ಆಸ್ಬರ್ನ್. ಗುರುವಂದನೆ ಆಗದೆ ಮಾತು ಮುಂದಕ್ಕೆ ಹೋಗುವಂತಿಲ್ಲ. ಆಮೇಲೆ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಮೊದಲು ಕೈಗೆ ಪಡೆದು ಆಟ ನಡೆಸುವ ಟಾಮಿ ಫ್ರೇಜಿಯರ್. ಅವನ ಹಿಂದೆ, ಆ ಒಂದೇ ಸೀಸನ್ನಿನಲ್ಲಿ 1722 ಗಜ ಓಡಿದ ಲಾರೆನ್ಸ್ ಫಿಲಿಪ್ಸ್. ನಂತರ ದನಿ ತುಸು ತಗ್ಗಿಸಿ ಬ್ರೂಕ್ ಬೆರಿಂಜರ್. ಫ್ರೇಜಿಯರನಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಾಗ ತಂಡ ನಡೆಸಿದವನು ಇವನೇ. 1996ರ ಏಪ್ರಿಲಿನಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟ. ಕೊನೆಗೆ 'ಪೈಪ್‌ಲೈನ್' ಎಂದು ಹೆಸರಾಗಿದ್ದ ಮುಂಚೂಣಿಯ ಐವರು ದೈತ್ಯರು: ವೀಗರ್ಟ್, ಸ್ಟೈ, ಗ್ರಹಾಂ, ವಿಲ್ಕ್ಸ್, ಝಟೆಚ್ಕಾ. ಇಷ್ಟಾಗಿ ಎಲ್ಲರೂ ಸುಮ್ಮನಾದ ಮೇಲೆ ಮೂಲೆಯಲ್ಲಿ ಕುಳಿತ ಒಬ್ಬರು ಕೇಳುತ್ತಾರೆ: "ಎಲ್ಲಾ ಸರಿ, ಪಟ್ಟ ತಂದ ಪಂದ್ಯದಲ್ಲಿ ಕೊನೆಯ ಎರಡೂ ಟಚ್‌ಡೌನ್ ಹೊಡೆದವನನ್ನು, ಚೆಂಡನ್ನು ಎದುರಾಳಿಯ ಗಡಿ ದಾಟಿಸಿದವನನ್ನು, ಬಿಟ್ಟೇಬಿಟ್ಟಿರಲ್ಲ?"

ಬಿಟ್ಟುಹೋದವನು ಕೋರಿ ಶ್ಲೆಸಿಂಗರ್. ಅದೇ ರಾಜ್ಯದ ಡಂಕನ್ ಎಂಬ ಪುಟ್ಟ ಊರಿನ ಹುಡುಗ. ಜಾಗ: ಫುಲ್‌ಬ್ಯಾಕ್.

ಅವನು ಬಿಟ್ಟುಹೋಗುವುದರಲ್ಲಿ ಅಭಿಮಾನಿಗಳ ತಪ್ಪು ಅಷ್ಟೇನಿಲ್ಲ. ಫುಲ್‌ಬ್ಯಾಕ್ ಎಂಬ ಕೆಲಸವೇ ಹಾಗೆ. ಊರ ತೇರು ಎಳೆಯುವಾಗ ಹಗ್ಗ ಹಿಡಿದವರು ಸಾವಿರ ಜನ, ಹೂವಿನ ಹಾರ ಮೇಲೆ ಕುಳಿತ ದೇವರಿಗೆ. ಗಾಲಿಯ ಪಕ್ಕದಲ್ಲೇ ಬಗ್ಗಿ ಓಡುತ್ತಾ ಸನ್ನೆ ಕೊಟ್ಟು ತೇರನ್ನು ತಿರುಗಿಸುವವನ ಹೆಸರು ಎಷ್ಟು ಜನಕ್ಕೆ ಗೊತ್ತು? ಅವನು ತಪ್ಪಿದ ವರ್ಷ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ.

ಅಮೆರಿಕದ ಫುಟ್‌ಬಾಲಿನಲ್ಲಿ ನಾಲ್ಕು ಅವಕಾಶದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತದೆ. ಆಸ್ಬರ್ನ್ ಈ ಹತ್ತು ಗಜವನ್ನು ಚೆಂಡೆಸೆದು ಗಳಿಸುವುದಕ್ಕಿಂತ ಓಡಿ ಗಳಿಸುವುದನ್ನೇ ನೆಚ್ಚಿಕೊಂಡಿದ್ದವರು. ಅವರ ತಂಡ ಹೆಚ್ಚಾಗಿ ನಿಲ್ಲುತ್ತಿದ್ದುದು 'ಐ' ಆಕಾರದಲ್ಲಿ. ಮುಂಚೂಣಿಯ ನಡುವೆ ನಿಲ್ಲುವ ಸೆಂಟರಿನ ಬೆನ್ನಿಗೆ ಕ್ವಾರ್ಟರ್‌ಬ್ಯಾಕ್, ಅವನ ಹಿಂದೆ ನಾಲ್ಕು ಗಜದಲ್ಲಿ ಒಂದು ಕೈ ನೆಲಕ್ಕೂರಿ ಫುಲ್‌ಬ್ಯಾಕ್, ಅವನ ಹಿಂದೆ ಇನ್ನೂ ಮೂರು ಗಜದಲ್ಲಿ ನೆಟ್ಟಗೆ ನಿಂತ ಟೇಲ್‌ಬ್ಯಾಕ್, ಅಂದರೆ ಫಿಲಿಪ್ಸನಂತೆ ಚೆಂಡು ಹಿಡಿದು ಓಡುವವನು. ಹೆಸರು, ಹಣ, ಫೋಟೋ ಎಲ್ಲ ಏಳನೇ ಗಜದವನಿಗೆ. ನಾಲ್ಕನೇ ಗಜದವನಿಗೆ ಏಟು.

ಆ ಏಟಿನ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡುವಂಥದ್ದು. 'ಐಸೊ' ಎನ್ನುವ ಸರಳ ಆಟದಲ್ಲಿ ಮುಂದಿನ ಸಾಲಿನವರು ಎದುರಾಳಿಯ ಒಬ್ಬ ಲೈನ್‌ಬ್ಯಾಕರ್‌ನನ್ನು (ಎರಡನೇ ಸಾಲಿನ ರಕ್ಷಕನನ್ನು) ಬೇಕೆಂದೇ ಯಾರೂ ಮುಟ್ಟದೆ ಬಿಡುತ್ತಾರೆ. ಅವನು ಫುಲ್‌ಬ್ಯಾಕಿನ ಪಾಲು. ಇವನು ಈ ಕಡೆಯಿಂದ ಐದಾರು ಗಜ ಓಡಿ ಬರುತ್ತಾನೆ, ಅವನು ಆ ಕಡೆಯಿಂದ ಎರಡು ಮೂರು ಗಜ. ಸಂದಿಯೊಳಗೆ ಡಿಕ್ಕಿ. ಇಲ್ಲಿ ಬಲಕ್ಕಿಂತ ಎತ್ತರ ಮುಖ್ಯ: ಯಾರ ಭುಜ ಕೆಳಗಿದೆಯೋ ಅವನು ಗೆದ್ದ. ಹಾಗೆಂದು ತಲೆ ತಗ್ಗಿಸುವಂತಿಲ್ಲ. ತಲೆ ತಗ್ಗಿದರೆ ಎದುರಿನವನು ಪಕ್ಕಕ್ಕೆ ಸರಿದದ್ದೇ ಕಾಣುವುದಿಲ್ಲ, ಗಾಳಿಗೆ ಗುದ್ದಿ ಬೀಳಬೇಕಾಗುತ್ತದೆ, ಕುತ್ತಿಗೆಗೂ ಅಪಾಯ. ಮೊಣಕಾಲು ಮಡಿಸಿ, ಕಣ್ಣು ಮೇಲಿಟ್ಟು, ಕೈಗಳು ಎದುರಾಳಿಯ ಎದೆಯ ಒಳಭಾಗಕ್ಕೆ ಸಿಗುವಂತೆ ಹೋಗಬೇಕು, ತಗುಲಿದ ಮೇಲೂ ಕಾಲು ನಿಲ್ಲಬಾರದು. ಎಷ್ಟೋ ಬ್ಲಾಕ್‌ಗಳು, ಅಂದರೆ ಹೀಗೆ ಗುದ್ದಿ ತಡೆಯುವ ಪ್ರಯತ್ನಗಳು, ಕೆಡುವುದು ಈ ಕೊನೆಯದರಲ್ಲಿ. ಗುದ್ದಿದ ಸದ್ದಿಗೆ ತಾನೇ ಮೆಚ್ಚಿ ಕಾಲು ನಿಲ್ಲಿಸಿದವನನ್ನು ಒಳ್ಳೆಯ ಲೈನ್‌ಬ್ಯಾಕರ್ ಬದಿಗೆ ತಳ್ಳಿ ಹೋಗುತ್ತಾನೆ. ಇನ್ನೊಂದು ತಪ್ಪು, ತಪ್ಪು ಭುಜಕ್ಕೆ ಹೊಡೆಯುವುದು. ಬಲ ಭುಜಕ್ಕೆ ಹೊಡೆದು ಎಡಕ್ಕೆ ದಾರಿ ಬಿಡಬೇಕಾದವನು ಉಲ್ಟಾ ಹೊಡೆದರೆ ಹಿಂದೆ ಬರುವ ಫಿಲಿಪ್ಸನಂಥವನ ದಾರಿಯನ್ನು ತಾನೇ ಮುಚ್ಚಿದಂತೆ. ಮುಂದಿನ ಸಾಲಿನವರಿಗಾದರೂ ಔಟ್‌ಲ್ಯಾಂಡ್, ಲೊಂಬಾರ್ಡಿ ಎಂದು ಪ್ರಶಸ್ತಿಗಳಿವೆ. ಇವನ ಈ ಕೆಲಸಕ್ಕೆ ಅಂಕಪಟ್ಟಿಯಲ್ಲಿ ಒಂದು ಕಾಲಂ ಕೂಡ ಇಲ್ಲ.

ಇದು ಅರ್ಧ ಸಂಬಳದ ಕೆಲಸ. ಉಳಿದರ್ಧ ಸುಳ್ಳು ಹೇಳುವುದು. ಆಪ್ಷನ್ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಫುಲ್‌ಬ್ಯಾಕಿನ ಹೊಟ್ಟೆಗೆ ಇಟ್ಟ ಹಾಗೆ ಮಾಡಿ ಹಿಂದಕ್ಕೆ ತೆಗೆದುಕೊಂಡು ಅಂಚಿಗೆ ಓಡುತ್ತಾನೆ. ಬರಿಗೈಯಲ್ಲಿ ಹೊರಟ ಫುಲ್‌ಬ್ಯಾಕ್ ಎರಡೂ ತೋಳನ್ನು ಹೊಟ್ಟೆಯ ಮೇಲೆ ಮಡಚಿ, ಚೆಂಡಿದ್ದಾಗ ಎಷ್ಟು ವೇಗವೋ ಅಷ್ಟೇ ವೇಗದಲ್ಲಿ ಜನರ ಗುಂಪಿಗೆ ನುಗ್ಗಬೇಕು. ಇವನನ್ನು ನಂಬಿ ಲೈನ್‌ಬ್ಯಾಕರ್ ಅರೆಕ್ಷಣ ನಿಂತರೆ ಅಂಚಿನಲ್ಲಿ ಎಂಟು ಗಜ ಲಾಭ. ಸೋಮಾರಿ ಫುಲ್‌ಬ್ಯಾಕ್ ಚೆಂಡಿಲ್ಲದಾಗ ಒಂಚೂರು ನಿಧಾನ ಮಾಡುತ್ತಾನೆ. ಎದುರಾಳಿ ಕೋಚ್ ವಾರವಿಡೀ ವಿಡಿಯೊ ನೋಡಿ ಹಿಡಿಯುವುದು ಇದನ್ನೇ. ಕೋರಿ ಕೈಯಲ್ಲಿ ಚೆಂಡಿದೆಯೋ ಇಲ್ಲವೋ ಎಂಬುದು ಅವನ ಕಾಲು ನೋಡಿದರೆ ಗೊತ್ತಾಗುವುದಿಲ್ಲ. ಅಭಿಮಾನಿಗಳಲ್ಲಿ ನಿಜಕ್ಕೂ ಆಟ ಬಲ್ಲವರು ಅವನನ್ನು ಹೊಗಳುವುದು ಇಲ್ಲಿಂದ ಶುರುವಾಗುತ್ತದೆ.

ಇನ್ನು ಆ ಎರಡು ಟಚ್‌ಡೌನ್‌ಗಳ ರಾತ್ರಿ, 1994ರ ಸೀಸನ್ನಿನ ಕೊನೆಯ ಪಂದ್ಯ. 1995ರ ಜನವರಿ 1, ಮಯಾಮಿಯ ಆರೆಂಜ್ ಬೌಲ್ ಮೈದಾನ. ಎದುರಿಗೆ ಮಯಾಮಿ ವಿಶ್ವವಿದ್ಯಾಲಯದ ತಂಡ, ಅಂದರೆ ಅವರ ಮನೆಯಂಗಳದಲ್ಲೇ ಪಂದ್ಯ. ಸಾಲದ್ದಕ್ಕೆ ಹಳೆಯ ಗಾಯ ಬೇರೆ. 1984ರ ಜನವರಿಯಲ್ಲಿ ಇದೇ ಮೈದಾನ, ಇದೇ ಎದುರಾಳಿ. ಟಚ್‌ಡೌನ್ ಆದ ಮೇಲಿನ ಹೆಚ್ಚುವರಿ ಅವಕಾಶದಲ್ಲಿ, ಸಮ ಮಾಡಿಕೊಳ್ಳುವ ಒಂದು ಅಂಕ ಬೇಡವೆಂದು ಆಸ್ಬರ್ನ್ ಗೆಲುವಿನ ಎರಡು ಅಂಕಕ್ಕೆ ಕೈಹಾಕಿ 31-30ರಲ್ಲಿ ಸೋತಿದ್ದರು. ಹಿಂದಿನ ವರ್ಷ, 1994ರ ಜನವರಿಯಲ್ಲಿ, ಅದೇ ಮೈದಾನದಲ್ಲಿ ಫ್ಲಾರಿಡ ಸ್ಟೇಟ್ ಎದುರು 18-16ರ ಸೋಲು. ಇಪ್ಪತ್ತೊಂದು ಸೀಸನ್ ಕಳೆದರೂ ರಾಷ್ಟ್ರ ಚಾಂಪಿಯನ್ ಪಟ್ಟ ದಕ್ಕಿರಲಿಲ್ಲ. "ಆಸ್ಬರ್ನ್‌ಗೆ ದೊಡ್ಡ ಪಂದ್ಯ ಗೆಲ್ಲಲು ಬರುವುದಿಲ್ಲ" ಎಂಬ ಮಾತು ಪಕ್ಕಾ ಆಗಿಬಿಟ್ಟಿತ್ತು. ಮೂರನೇ ಕ್ವಾರ್ಟರಿನಲ್ಲಿ ಮಯಾಮಿ 17-7ರ ಮುನ್ನಡೆ ಪಡೆಯಿತು. ನೆಬ್ರಾಸ್ಕದ ಡ್ವೇನ್ ಹ್ಯಾರಿಸ್ ಎಂಡ್ ಜೋನಿನೊಳಗೇ, ಅಂದರೆ ಮೈದಾನದ ತುದಿಯ ಪಟ್ಟಿಯೊಳಗೇ, ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಕೆಡವಿ ಎರಡಂಕ ತಂದಾಗ 17-9.

ಮಯಾಮಿಯ ರಕ್ಷಣೆಯನ್ನು ಕಂಡರೆ ದೇಶವೇ ಹೆದರುತ್ತಿತ್ತು. ವಾರೆನ್ ಸ್ಯಾಪ್ ಆ ವರ್ಷದ ಲೊಂಬಾರ್ಡಿ ವಿಜೇತ. ಮಧ್ಯದಲ್ಲಿ ರೇ ಲೂಯಿಸ್. ಅವರ ಪದ್ಧತಿ ಸರಳ: ಪ್ರತಿಯೊಬ್ಬನಿಗೂ ಒಂದೇ ಸಂದು, ಸ್ನ್ಯಾಪ್ ಆದ ಕೂಡಲೇ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ಕೂಡಲೇ) ಅದರೊಳಗೆ ನುಗ್ಗು, ಯೋಚನೆ ಆಮೇಲೆ. ಹೀಗೆ ನುಗ್ಗುವವರ ಎದುರು ನಿಂತು ತಡೆಯುವುದು ಮೈಗೆ ಬಲು ದುಬಾರಿ. ಅದಕ್ಕೆ ಬಹಳ ಹಳೆಯದೊಂದು ಮದ್ದಿದೆ: ತಡೆಯಬೇಡ, ಒಳಗೆ ಬಿಡು.

ಆ ಮದ್ದೇ 'ಟ್ರ್ಯಾಪ್'. ಎದುರಾಳಿಯ ಒಬ್ಬ ಟ್ಯಾಕಲ್‌ನ (ಅವರ ಮುಂದಿನ ಸಾಲಿನ ನಡುವಿನವನ) ಮುಂದಿರುವ ಗಾರ್ಡ್, ಅಂದರೆ ಸೆಂಟರಿನ ಪಕ್ಕದವನು, ಅವನನ್ನು ಮುಟ್ಟುವುದೇ ಇಲ್ಲ. ಪಕ್ಕದಿಂದ ಜಾರಿ ನೇರ ಲೈನ್‌ಬ್ಯಾಕರ್ ಕಡೆ ಹೋಗುತ್ತಾನೆ. ಟ್ಯಾಕಲ್‌ಗೆ ಪರಮಾನಂದ: ಬಾಗಿಲು ತೆರೆದಿದೆ! ಎರಡು ಹೆಜ್ಜೆ ಒಳಗೆ ಬರುತ್ತಾನೆ. ಅಷ್ಟರಲ್ಲಿ ಇನ್ನೊಂದು ಬದಿಯ ಗಾರ್ಡ್ ತನ್ನ ಜಾಗ ಬಿಟ್ಟು ಸಾಲಿನ ಹಿಂದೆಯೇ ಓಡಿಬಂದು, ಇವನಿಗೆ ಕಾಣದ ಕಡೆಯಿಂದ, ಒಳಗಿನಿಂದ ಹೊರಕ್ಕೆ ಒದ್ದಂತೆ ಹೊಡೆಯುತ್ತಾನೆ. ಟ್ಯಾಕಲ್ ಬಿಟ್ಟುಬಂದ ಜಾಗವೇ ಈಗ ದಾರಿ. ಫುಲ್‌ಬ್ಯಾಕ್ ಚೆಂಡು ಹಿಡಿದು ಅದೇ ದಾರಿಯಲ್ಲಿ ಹೊರಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಬರಿಗೈಯಲ್ಲೇ ಅಂಚಿಗೆ ಓಡುತ್ತಾನೆ. ಮೂರು ಕ್ವಾರ್ಟರಿನಿಂದ ಫುಲ್‌ಬ್ಯಾಕ್ ಹೇಳುತ್ತಿದ್ದ ಸುಳ್ಳನ್ನು ಈಗ ಇವನು ಹೇಳುತ್ತಾನೆ.

ಕೇಳಲು ಸುಲಭ. ಕೆಡುವ ದಾರಿಗಳು ಮಾತ್ರ ಬೇಕಾದಷ್ಟಿವೆ. ಓಡಿಬರುವ ಗಾರ್ಡಿನ ಮೊದಲ ಹೆಜ್ಜೆ ಚಿಕ್ಕದಾಗಿ, ಸಾಲಿಗೆ ಒತ್ತಿಕೊಂಡೇ ಇರಬೇಕು. ಅರ್ಧ ಗಜ ಹಿಂದಕ್ಕೆ ಸರಿದರೂ ತನ್ನದೇ ಕ್ವಾರ್ಟರ್‌ಬ್ಯಾಕಿನ ಕಾಲಿಗೆ ತೊಡರುತ್ತಾನೆ, ಇಲ್ಲವೇ ತಡವಾಗಿ ಬರುತ್ತಾನೆ. ಅವನು ಬಿಟ್ಟುಹೋದ ಜಾಗದ ಎದುರಾಳಿಯನ್ನು ಸೆಂಟರ್ ಹಿಂದಕ್ಕೆ ತಿರುಗಿ ಕಟ್ಟಿಹಾಕಬೇಕು. ಅದು ತಪ್ಪಿದರೆ ಆ ಎದುರಾಳಿ ಬೆನ್ನಟ್ಟಿ ಬಂದು ಚೆಂಡು ಕೈ ಬದಲಿಸುವಲ್ಲಿಯೇ ಎಲ್ಲರನ್ನೂ ಕೆಡವುತ್ತಾನೆ. ಫುಲ್‌ಬ್ಯಾಕ್ ಅವಸರ ಮಾಡಿದರೂ ಕಷ್ಟ: ಗಾರ್ಡ್ ಬಂದು ತಲುಪುವ ಮೊದಲೇ ಇವನು ಸಂದಿಯಲ್ಲಿದ್ದರೆ, ಆ ಟ್ಯಾಕಲ್ ಇವನನ್ನೇ ತಬ್ಬಿಕೊಳ್ಳುತ್ತಾನೆ. ಎಲ್ಲಕ್ಕಿಂತ ದೊಡ್ಡದು, ಎದುರಿನ ಟ್ಯಾಕಲ್ ಬಲೆಗೆ ಬೀಳದಿರುವುದು. ತನ್ನನ್ನು ಯಾರೂ ಮುಟ್ಟಲಿಲ್ಲ ಎಂದರೆ ಏನೋ ಮಸಲತ್ತಿದೆ ಎಂದು ಅವನು ಒಳಗೆ ನುಗ್ಗದೆ ಪಕ್ಕಕ್ಕೆ ಒತ್ತಿಕೊಂಡರೆ ದಾರಿಯೇ ಹುಟ್ಟುವುದಿಲ್ಲ. ಆದ್ದರಿಂದ ನಿಧಾನಸ್ಥರ ಮೇಲೆ ಟ್ರ್ಯಾಪ್ ಸರಿಯಾಗಿ ನಡೆಯುವುದಿಲ್ಲ. ಚುರುಕಿನವರು ಬೇಕು, ಅದರಲ್ಲೂ ತಮ್ಮ ಚುರುಕಿನ ಮೇಲೆ ಭಾರಿ ನಂಬಿಕೆ ಇರುವವರು. ಮಯಾಮಿಯ ಸಾಲಿಗಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಗಬೇಕು?

ಮೂರು ಕ್ವಾರ್ಟರ್ ಓಡಿ, ನುಗ್ಗಿ, ನೆಬ್ರಾಸ್ಕದ ದೈತ್ಯರಿಗೆ ಒರಗಿ ಆ ಸಾಲು ಸುಸ್ತಾಗಿತ್ತು. ಸುಸ್ತಾದವನು ಮೊದಲು ಕಳೆದುಕೊಳ್ಳುವುದು ಕಾಲಿನ ವೇಗವನ್ನಲ್ಲ, ಅನುಮಾನಪಡುವ ಶಕ್ತಿಯನ್ನು. ಬೇಗ ಮುಗಿಸಿಬಿಡೋಣ ಎಂದು ತೆರೆದ ಬಾಗಿಲು ಕಂಡಲ್ಲಿ ನುಗ್ಗುತ್ತಾನೆ. ಕೊನೆಯ ಕ್ವಾರ್ಟರಿನಲ್ಲಿ ಆಸ್ಬರ್ನ್ ಫ್ರೇಜಿಯರನನ್ನು ಮತ್ತೆ ಇಳಿಸಿದರು. ಆಟಕ್ಕೆ ಇನ್ನು 7 ನಿಮಿಷ 38 ಸೆಕೆಂಡು ಇರುವಾಗ ಕೋರಿ 15 ಗಜ ಓಡಿ ಟಚ್‌ಡೌನ್. ಎರಡು ಅಂಕದ ಪ್ರಯತ್ನದಲ್ಲಿ ಫ್ರೇಜಿಯರ್ ಎಸೆದ ಚೆಂಡನ್ನು ಎರಿಕ್ ಆಲ್ಫರ್ಡ್ ಹಿಡಿದ; 17-17. ಹನ್ನೊಂದು ವರ್ಷದ ಹಿಂದೆ ಅದೇ ನೆಲದಲ್ಲಿ ತಪ್ಪಿದ ಎರಡಂಕ ಈ ಸಲ ಕೈಗೆ ಸಿಕ್ಕಿತು. ಇನ್ನು 2 ನಿಮಿಷ 46 ಸೆಕೆಂಡು ಇರುವಾಗ ಮತ್ತೆ ಟ್ರ್ಯಾಪ್, ಮತ್ತೆ ಕೋರಿ, 14 ಗಜ. 24-17. ಸೀಸನ್ 13-0, ಆಸ್ಬರ್ನ್‌ಗೆ ಮೊದಲ ಪಟ್ಟ.

ಪಂದ್ಯದ ಅತ್ಯುತ್ತಮ ಆಟಗಾರ ಪ್ರಶಸ್ತಿ ಹೋದದ್ದು ಫ್ರೇಜಿಯರನಿಗೆ. ಹಿಡಿದು ಜಗಳ ಮಾಡುವಂಥ ಅನ್ಯಾಯವೇನಲ್ಲ. ಅವನು ಬಂದ ಮೇಲೆ ಆಟದ ಕಳೆಯೇ ಬದಲಾಯಿತು, ಅವನು ಅಂಚಿಗೆ ಓಡುತ್ತಾನೆಂಬ ಭಯವೇ ನಡುವನ್ನು ತೆರವು ಮಾಡಿತು. ಆದರೂ ಪಂದ್ಯ ತಿರುಗಿಸಿದ ಎರಡೂ ಟಚ್‌ಡೌನ್ ಒಬ್ಬನದು, ಹಾರ ಇನ್ನೊಬ್ಬನಿಗೆ ಎಂದರೆ ಅಭಿಮಾನಿಗಳ ನಾಲಗೆ ಸುಮ್ಮನಿರುತ್ತದೆಯೇ? ಈ ವಾದ ಇಂದಿಗೂ ಮುಗಿದಿಲ್ಲ, ಮುಗಿಯುವುದು ಯಾರಿಗೂ ಬೇಕಾಗಿಯೂ ಇಲ್ಲ. ಓಡಿಬಂದ ಗಾರ್ಡ್‌ಗಳ ಪರ ವಕಾಲತ್ತು ವಹಿಸುವ ಇನ್ನೂ ಚಿಕ್ಕದೊಂದು ಪಂಗಡವಿದೆ. ಅವರ ಮಾತೇ ಹೆಚ್ಚು ಸರಿ ಎಂದು ಕಾಣುತ್ತದೆ, ಆದರೆ ಆ ದಾರಿ ಹಿಡಿದರೆ ಕೊನೆಗೆ ಬಟ್ಟೆ ಒಗೆದವರ ತನಕ ಹೋಗಬೇಕಾಗುತ್ತದೆ.

ಆ ಪಂದ್ಯದ ಹಳೆಯ ದೃಶ್ಯ ಸಿಕ್ಕಿದರೆ ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲ ಸಲ ಚೆಂಡು ನೋಡಿ, ಆಸೆ ತೀರಲಿ. ಎರಡನೇ ಸಲ ಸ್ನ್ಯಾಪ್ ಆದ ಕ್ಷಣ ಎರಡು ಗಾರ್ಡ್‌ಗಳನ್ನು ಮಾತ್ರ ನೋಡಿ: ಯಾವನು ಜಾಗ ಬಿಟ್ಟು ಅಡ್ಡ ಓಡಿದನೋ ಅವನು ಟ್ರ್ಯಾಪ್ ಹೊಡೆಯುವವನು. ಮೂರನೇ ಸಲ ಕೋರಿಯ ಮೊದಲ ಹೆಜ್ಜೆ. ಆಮೇಲೆ ಅವನು ಚೆಂಡು ಮುಟ್ಟದ ಆಟಗಳಿಗೆ ಹೋಗಿ. ಫಿಲಿಪ್ಸ್ ಏಳೆಂಟು ಗಜ ಓಡಿದ ಕಡೆ ನಿಲ್ಲಿಸಿ, ಆ ದಾರಿಯಲ್ಲಿ ಮಕಾಡೆ ಬಿದ್ದ ಲೈನ್‌ಬ್ಯಾಕರ್‌ನ ಮೇಲೆ ಯಾರಿದ್ದಾರೆ ನೋಡಿ. ಕ್ಯಾಮೆರಾ ಓಡುವವನ ಹಿಂದೆ ಹೋಗುವುದರಿಂದ ಇದು ಸಿಗುವುದು ಚಿತ್ರದ ಎಡ ಅಂಚಿನಲ್ಲೋ ಬಲ ಅಂಚಿನಲ್ಲೋ, ಅರ್ಧ ಸೆಕೆಂಡು ಮಾತ್ರ.

1995ರಲ್ಲೇ ವೃತ್ತಿಪರ ಲೀಗಿನ ಡೆಟ್ರಾಯ್ಟ್ ಲಯನ್ಸ್ ತಂಡ ಕಾಲೇಜು ಆಟಗಾರರ ಆಯ್ಕೆಯ ಆರನೇ ಸುತ್ತಿನಲ್ಲಿ ಕೋರಿಯನ್ನು ಆರಿಸಿಕೊಂಡಿತು. ಸಾಮಾನ್ಯವಾಗಿ ಆರನೇ ಸುತ್ತಿನವರು ಎರಡು ಮೂರು ವರ್ಷದಲ್ಲಿ ಮನೆಗೆ. ಇವನು 2006ರವರೆಗೆ, ಹನ್ನೆರಡು ಸೀಸನ್, ಅದೇ ತಂಡದಲ್ಲಿ ಆಡಿದ. ಡಿಕ್ಕಿ ಹೊಡೆದೇ ಹೊಟ್ಟೆ ಹೊರೆಯುವ ಜಾಗದಲ್ಲಿ ಹನ್ನೆರಡು ಸೀಸನ್ ಎಂದರೆ, ತಲೆ ಮೇಲಿಟ್ಟು ಮೊಣಕಾಲು ಮಡಿಸುವ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದನೆಂದು ಲೆಕ್ಕ ಹಾಕಬಹುದು.

ಈಗ ಕಾಲೇಜು ತಂಡಗಳು ಹೆಚ್ಚಾಗಿ ಆಟಗಾರರನ್ನು ಮೈದಾನದ ಅಗಲಕ್ಕೆ ಹರಡಿ ನಿಲ್ಲಿಸುತ್ತವೆ. ನಾಲ್ಕನೇ ಗಜದ ಜಾಗದಲ್ಲಿ ಈಗ ಕ್ವಾರ್ಟರ್‌ಬ್ಯಾಕೇ ನಿಂತಿರುತ್ತಾನೆ. ಟ್ರ್ಯಾಪ್ ಸತ್ತಿಲ್ಲ, ಆದರೆ ಚೆಂಡು ಸಿಗುವುದು ಬೇರೆಯವನಿಗೆ. ಫುಲ್‌ಬ್ಯಾಕನ್ನೇ ನೋಡಬೇಕೆನ್ನುವವರು ಐಯೋವದ ಪಂದ್ಯ ಹಾಕಿಕೊಳ್ಳಬೇಕು, ಇಲ್ಲವೇ ಆಪ್ಷನ್ ಬಿಡದ ಏರ್‌ಫೋರ್ಸ್ ಅಕಾಡೆಮಿಯದು. ಅಲ್ಲಿಯೂ ಕಾಮೆಂಟರಿಯವರು ಅವನ ಹೆಸರು ಹೇಳುವುದು ಮೂರನೇ ಡೌನ್ (ನಾಲ್ಕರಲ್ಲಿ ಮೂರನೇ ಅವಕಾಶ), ಇನ್ನೊಂದು ಗಜ ಬೇಕು ಎಂದಾಗ. ಹಾಗಾಗಿ ದನಿ ಕಡಿಮೆ ಮಾಡಿಕೊಂಡು, ಕ್ವಾರ್ಟರ್‌ಬ್ಯಾಕಿನ ಬೆನ್ನ ಹಿಂದೆ ಕೈಯೂರಿದವನ ನಂಬರು ಗುರುತು ಹಾಕಿಕೊಂಡು ಕೂರುವುದು ವಾಸಿ.