ಶಾಲೆಯ ಹೊತ್ತಿಗೇ ಚಿಮ್ಮುವ ನೀರು

ಅಮೆರಿಕದ ಡಲ್ಲಾಸ್ ನಗರದಲ್ಲಿ ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ಬೆಳಿಗ್ಗೆ 10ರಿಂದ ಸಂಜೆ 6ರ ತನಕ ಅಂಗಳದ ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಹಾಕುವಂತಿಲ್ಲ. ನೀರು ಆವಿಯಾಗಿ ಪೋಲಾಗಬಾರದೆಂಬ ಈ ನಿಯಮ ಸರಿಯಾದದ್ದೇ. ಆದರೆ ಮಕ್ಕಳು ಶಾಲೆಗೆ ನಡೆದುಹೋಗುವ ಹೊತ್ತು ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಬೀದಿಯ ಮನೆಯೊಂದರಲ್ಲಿ ಸರಿಯಾಗಿ ಆ ಹೊತ್ತಿಗೇ ಟೈಮರ್ ಚಾಲೂ ಆಗಿ, ಹುಲ್ಲಿಗಿಂತ ಹೆಚ್ಚು ನೀರು ಕಾಲುದಾರಿಯ ಮೇಲೆಯೇ ಬೀಳುವುದರಿಂದ, ಬೆನ್ನಿಗೆ ಚೀಲ ಹೊತ್ತ ಪುಟ್ಟ ಮಕ್ಕಳು ಬಟ್ಟೆ, ಪುಸ್ತಕ ತೊಯ್ಯದಿರಲೆಂದು ರಸ್ತೆಗೇ ಇಳಿಯುತ್ತಾರೆ. ಅಂಚಿನಲ್ಲಿ ನಿಂತ ಕಾರುಗಳ ಮರೆಯಿಂದ ಇಳಿಯುವ ಮಗು, ಕೆಲಸಕ್ಕೆ ಹೊರಟ ಅವಸರದಲ್ಲಿ ಗಾಡಿ ಓಡಿಸುವವರಿಗೆ ಸುಲಭವಾಗಿ ಕಾಣುವುದಿಲ್ಲ. ಇದನ್ನು ಯೋಚಿಸಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಸೂರ್ಯೋದಯಕ್ಕೆ ಮೊದಲೇ ನೀರು ಬಿಟ್ಟರೆ ಹುಲ್ಲಿಗೂ ಒಳ್ಳೆಯದು, ಟೈಮರ್ ಬದಲಿಸುವುದೂ ದೊಡ್ಡ ಕೆಲಸವಲ್ಲ. ವಿನಯದಿಂದ ಕೇಳಿಕೊಂಡರೂ ಆ ಮನೆಯವರು ನೋಡೋಣವೆಂದಷ್ಟೇ ಹೇಳಿ ಸುಮ್ಮನಾಗಿರುವುದು ಬಹಳ ನೋವು ತಂದಿದೆ.